ಶುಗರ್ ಇದ್ದವರಿಗೆ ಕೀಟೋನ್ ಏರಿದರೆ: ಡಿಕೆಎ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯಿಂದ ಬರುವ ಶುಗರ್ ಪೇಷಂಟ್‌ಗಳಿಗೆ ಇನ್ಸುಲಿನ್ ಚುಚ್ಚಿಕೊಳ್ಳುವುದು, ಮೀಟರ್ ನೋಡುವುದು ಹೇಳಿಕೊಡುವುದು ನನ್ನ ಕೆಲಸ. ಅವರು, ಅವರ ಮನೆಯವರು ತಿರುಗಾಮುರುಗಾ ಕೇಳುವ ಪ್ರಶ್ನೆಗಳು ಇವು. ನಾನು ಡಾಕ್ಟರ್ ಅಲ್ಲ. ಡೋಸ್ ಎಷ್ಟು ಅನ್ನುವುದನ್ನು ನಿಮ್ಮ ಡಾಕ್ಟರೇ ಹೇಳಬೇಕು. ಇನ್ನೊಂದು ಮಾತು: ಮನೆಯಲ್ಲಿ ಶುಗರ್ ಇರುವ ಯಾರಾದರೂ ಈಗ ವಾಂತಿ ಮಾಡಿಕೊಳ್ಳುತ್ತಾ, ಜೋರಾಗಿ ಉಸಿರು ಎಳೆಯುತ್ತಾ ಮಂಕಾಗಿ ಮಲಗಿದ್ದರೆ ಇದನ್ನು ಓದುತ್ತಾ ಕೂರಬೇಡಿ. ಮೊದಲು 108ಕ್ಕೆ ಫೋನ್ ಮಾಡಿ.

ಡಿಕೆಎ ಅಂದ್ರೆ ಏನು?

ಪೂರ್ತಿ ಹೆಸರು ಡಯಾಬಿಟಿಕ್ ಕೀಟೋಆಸಿಡೋಸಿಸ್. ಮೈಯಲ್ಲಿ ಇನ್ಸುಲಿನ್ ತೀರಾ ಕಡಿಮೆಯಾದಾಗ ಆಗುವ ತೊಂದರೆ ಇದು.

ನಾವು ತಿಂದ ರೊಟ್ಟಿ, ಅನ್ನ ಎಲ್ಲ ಕೊನೆಗೆ ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತದೆ. ಅಲ್ಲಿಂದ ಅದು ಸ್ನಾಯುಗಳ ಒಳಗೆ ಹೋಗಲು ಇನ್ಸುಲಿನ್ ಬೇಕು. ಇನ್ಸುಲಿನ್ ಇಲ್ಲದಿದ್ದರೆ ರಕ್ತದಲ್ಲಿ ಸಕ್ಕರೆ ತುಂಬಿರುತ್ತದೆ, ಮೈ ಮಾತ್ರ ಉಪವಾಸ ಇರುತ್ತದೆ. ಹಗೇವಿನ ತುಂಬ ಜೋಳ ಇದ್ದೂ ಮನೆಯಲ್ಲಿ ಒಲೆ ಹೊತ್ತದ ಹಾಗೆ. ಆಗ ಮೈ ತನ್ನಲ್ಲಿರುವ ಕೊಬ್ಬನ್ನು ಕರಗಿಸಲು ಶುರು ಮಾಡುತ್ತದೆ. ಆ ಕೊಬ್ಬಿನಿಂದ ಲಿವರ್ ಕೀಟೋನ್ ತಯಾರಿಸುತ್ತದೆ. ಕೀಟೋನ್ ಸ್ವಲ್ಪ ಇದ್ದರೆ ಏನೂ ಆಗುವುದಿಲ್ಲ. ಜಾಸ್ತಿಯಾದರೆ ರಕ್ತ ಆಸಿಡ್ ಆಗುತ್ತದೆ.

ಇದರ ಜೊತೆಗೇ ಇನ್ನೊಂದು ನಡೆಯುತ್ತಿರುತ್ತದೆ. ರಕ್ತದ ಸಕ್ಕರೆ ಸುಮಾರು 180 ಮಿ.ಗ್ರಾಂ ದಾಟಿದರೆ ಮೂತ್ರದಲ್ಲಿ ಹೋಗತೊಡಗುತ್ತದೆ. ಅದು ಹೋಗುವಾಗ ನೀರು, ಉಪ್ಪು, ಪೊಟ್ಯಾಸಿಯಂ ಎಲ್ಲವನ್ನೂ ಎಳೆದುಕೊಂಡು ಹೋಗುತ್ತದೆ. ಡಿಕೆಎ ಜೋರಾದ ದೊಡ್ಡವರ ಮೈಯಿಂದ ಐದಾರು ಲೀಟರ್ ನೀರು ಖಾಲಿಯಾಗಿರಬಹುದು. ಮಂಕು ಕವಿಯುವುದು, ಬಿ.ಪಿ. ಇಳಿಯುವುದು ಇದರಿಂದಲೇ.

ಸಾಮಾನ್ಯವಾಗಿ ಒಂದು ದಿನದೊಳಗೇ ಇಷ್ಟೆಲ್ಲ ಆಗಿಬಿಡುತ್ತದೆ. ನಿನ್ನೆ ಸಂಜೆ ಓಡಾಡಿಕೊಂಡಿದ್ದವರನ್ನು ಇವತ್ತು ಸಂಜೆ ಹೊತ್ತುಕೊಂಡು ಬರುವ ಹಾಗಾಗುತ್ತದೆ.

"ಎರಡು ದಿನದಿಂದ ಏನೂ ಉಂಡಿಲ್ಲ. ಮತ್ತ ಇನ್ಸುಲಿನ್ ಯಾಕ ಚುಚ್ಚಬೇಕ್ರಿ?"

ಎಲ್ಲಕ್ಕಿಂತ ಜಾಸ್ತಿ ಕೇಳುವ ಪ್ರಶ್ನೆ ಇದು. ಈ ಪುಟದಲ್ಲಿ ಒಂದೇ ಉತ್ತರ ಓದುವವರಿದ್ದರೆ ಇದನ್ನೇ ಓದಲಿ.

ಲೆಕ್ಕ ಸರಿ ಅನಿಸುತ್ತದೆ ಅಲ್ವಾ? ಊಟ ಮಾಡಿದರೆ ಶುಗರ್ ಏರುತ್ತದೆ, ಅದಕ್ಕೆ ಇನ್ಸುಲಿನ್. ಊಟವೇ ಇಲ್ಲದಿದ್ದರೆ ಇನ್ಸುಲಿನ್ ಯಾಕೆ? ಸುಮ್ನೆ ಲೋ ಶುಗರ್ ಆಗಿ ಬಿದ್ದುಬಿಟ್ಟರೆ? ಮನೆಯಲ್ಲಿ ಹಿರಿಯರು ಪ್ರೀತಿಯಿಂದಲೇ ಹೇಳುತ್ತಾರೆ: "ಹೊಟ್ಟ್ಯಾಗ ಏನೂ ಇಲ್ಲ, ಇವತ್ತೊಂದಿನ ಸೂಜಿ ಬ್ಯಾಡ ಬಿಡು." ಡಿಕೆಎ ಆಗಿ ಬರುವ ಎಷ್ಟೋ ಮಂದಿಯ ಕಥೆ ಶುರುವಾಗುವುದು ಈ ಮಾತಿನಿಂದ.

ಆದರೆ ಮೈಗೆ ಇನ್ಸುಲಿನ್ ಬೇಕಿರುವುದು ಊಟಕ್ಕೆ ಮಾತ್ರ ಅಲ್ಲ. ನಾವು ನಿದ್ದೆ ಮಾಡುವಾಗಲೂ ಲಿವರ್ ಸಕ್ಕರೆ ತಯಾರಿಸಿ ರಕ್ತಕ್ಕೆ ಬಿಡುತ್ತಿರುತ್ತದೆ. ಅದನ್ನು ಹದದಲ್ಲಿಡುವುದು ಇನ್ಸುಲಿನ್. ಕೊಬ್ಬು ಕಂಡಾಪಟ್ಟೆ ಕರಗದ ಹಾಗೆ ತಡೆಯುವುದೂ ಅದೇ. ಇನ್ನು ಜ್ವರ ಬಂದಾಗ, ಕಾಲಿನ ಗಾಯ ಕೀವು ಕಟ್ಟಿದಾಗ, ಮೂತ್ರದ ಇನ್ಫೆಕ್ಷನ್ ಆದಾಗ ಮೈಯಲ್ಲಿ ಇನ್ಸುಲಿನ್ನಿಗೆ ಎದುರು ಕೆಲಸ ಮಾಡುವ ಹಾರ್ಮೋನುಗಳು ಏರುತ್ತವೆ. ಹಾಗಾಗಿ ಕಾಯಿಲೆ ಬಿದ್ದ ದಿನ, ಏನೂ ಉಣ್ಣದಿದ್ದರೂ, ಎಷ್ಟೋ ಜನರಿಗೆ ಇನ್ಸುಲಿನ್ ಎಂದಿಗಿಂತ ಜಾಸ್ತಿಯೇ ಬೇಕಾಗುತ್ತದೆ.

ಎರಡು ಬಗೆಯ ಇನ್ಸುಲಿನ್ ಬೇರೆ ಬೇರೆಯಾಗಿ ತೆಗೆದುಕೊಳ್ಳುವವರು ಹೀಗೆ ನೆನಪಿಡಿ. ದಿನಕ್ಕೊಮ್ಮೆಯೋ ಎರಡು ಸಲವೋ ಚುಚ್ಚುವ, ನಿಧಾನವಾಗಿ ಕೆಲಸ ಮಾಡುವ ಇನ್ಸುಲಿನ್ ಯಾವ ಕಾರಣಕ್ಕೂ ನಿಲ್ಲಿಸುವಂತಿಲ್ಲ. ಊಟಕ್ಕೆ ಮೊದಲು ಚುಚ್ಚುವುದನ್ನು ಊಟ ಮತ್ತು ಮೀಟರ್ ನೋಡಿ ಹೆಚ್ಚುಕಡಿಮೆ ಮಾಡಬಹುದು. ಎರಡೂ ಸೇರಿದ ಮಿಕ್ಸ್ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಇದು ಸ್ವಲ್ಪ ತೊಡಕು. ಆ ದಿನ ಎಷ್ಟು ಚುಚ್ಚಬೇಕು ಅಂತ ಡಾಕ್ಟರಿಗೆ ಫೋನ್ ಮಾಡಿ ಕೇಳಿ. ಕೇಳದೆ ಪೂರ್ತಿ ಬಿಡಬೇಡಿ.

ಇನ್ನೂ ಯಾವ ಕಾರಣಕ್ಕೆ ಬರುತ್ತದೆ?

ಇನ್ಸುಲಿನ್ ತಪ್ಪಿಸುವುದು ಮತ್ತು ಇನ್ಫೆಕ್ಷನ್, ಇವೆರಡೇ ಮುಖ್ಯ. ಹಾರ್ಟ್ ಅಟ್ಯಾಕ್, ಪ್ಯಾಂಕ್ರಿಯಾಸ್ ಊತ, ಸ್ಟಿರಾಯ್ಡ್ ಔಷಧಿ, ಅತಿಯಾದ ಕುಡಿತದಿಂದಲೂ ಆಗಬಹುದು. ಕೆಲವರಿಗೆ ತಮಗೆ ಶುಗರ್ ಇದೆ ಅಂತ ಗೊತ್ತಾಗುವುದೇ ಡಿಕೆಎ ಆದಾಗ, ಅದರಲ್ಲೂ ಮಕ್ಕಳಿಗೆ.

ಲಕ್ಷಣಗಳು ಹೇಗಿರುತ್ತವೆ?

ಮೊದಲು ಬಾಯಾರಿಕೆ. ಒಂದು ತಂಬಿಗೆ ನೀರು ಕುಡಿದರೂ ತೀರದ ಬಾಯಾರಿಕೆ. ಗಳಿಗೆಗೊಮ್ಮೆ ಮೂತ್ರ. ನಾಲಗೆ ಒಣಗಿ ಅಂಟಂಟು. ಆಮೇಲೆ ಹೊಟ್ಟೆ ತೊಳಸುವುದು, ವಾಂತಿ, ಹೊಟ್ಟೆನೋವು, ವಿಪರೀತ ಸುಸ್ತು.

ಮುಂದಿನದು ಉಸಿರಾಟ. ಇದನ್ನು ಒಮ್ಮೆ ಕಂಡವರು ಮರೆಯುವುದಿಲ್ಲ. ಮೆಟ್ಟಿಲು ಹತ್ತಿ ಬಂದಾಗಿನ ಏದುಸಿರು ಅಲ್ಲ ಅದು. ಸುಮ್ಮನೆ ಮಲಗಿದ್ದರೂ ಎದೆ ತುಂಬ ಆಳವಾಗಿ, ಬಿಡುವಿಲ್ಲದೆ ಉಸಿರು ಎಳೆದು ಬಿಡುತ್ತಿರುತ್ತಾರೆ. ರಕ್ತದ ಆಸಿಡ್ ಕಡಿಮೆ ಮಾಡಲು ಮೈ ಉಸಿರಿನಲ್ಲಿ ಕಾರ್ಬನ್ ಡೈಆಕ್ಸೈಡ್ ಹೊರಹಾಕುತ್ತಿರುತ್ತದೆ. 1874ರಲ್ಲಿ ಇದನ್ನು ವಿವರಿಸಿದ ಜರ್ಮನಿಯ ಡಾಕ್ಟರ್ ಅಡಾಲ್ಫ್ ಕುಸ್ಮಾಲ್ ಹೆಸರಿನಲ್ಲಿ ಇದಕ್ಕೆ ಇವತ್ತಿಗೂ ಕುಸ್ಮಾಲ್ ಉಸಿರಾಟ ಅಂತಲೇ ಕರೆಯುತ್ತಾರೆ. ಬಾಯಿಯಿಂದ ನೇಲ್ ಪಾಲಿಶ್ ತೆಗೆಯುವ ದ್ರವದ ವಾಸನೆ ಬರಬಹುದು. ಕೀಟೋನಿನಿಂದ ಆಗುವ ಅಸಿಟೋನಿನ ವಾಸನೆ ಅದು. ಕೆಲವರ ಮೂಗಿಗೆ ಅದು ಗೊತ್ತೇ ಆಗುವುದಿಲ್ಲ. ವಾಸನೆ ಇಲ್ಲ ಅಂತ ಧೈರ್ಯವಾಗಿರಬೇಡಿ.

ಕೊನೆಗೆ ಮಂಕು, ಕರೆದರೆ ಅರೆಬರೆ ಉತ್ತರ, ಪ್ರಜ್ಞೆ ತಪ್ಪುವುದು.

ಗ್ಯಾಸ್ಟ್ರಿಕ್, ದಮ್ಮು, ಅಪೆಂಡಿಕ್ಸ್ ಅಂದುಕೊಂಡು ತಡವಾಗುತ್ತದೆ ಅಂತಾರೆ, ನಿಜವೇ?

ನಿಜ. ಹೊಟ್ಟೆನೋವು ಜೋರಿದ್ದರೆ ಅಪೆಂಡಿಕ್ಸ್ ಅನಿಸುತ್ತದೆ. ಉಸಿರು ಜೋರಿದ್ದರೆ ದಮ್ಮು ಅಥವಾ ನ್ಯುಮೋನಿಯಾ ಅನಿಸುತ್ತದೆ. ವಾಂತಿಗೆ "ನಿನ್ನೆ ಮಿರ್ಚಿ-ಗಿರ್ಮಿಟ್ ತಿಂದಿದ್ದ, ಅದಕ್ಕೇ" ಅನ್ನುವ ಕಾರಣ ನಮ್ಮ ಊರಲ್ಲಿ ಸದಾ ಸಿದ್ಧ.

ಮಕ್ಕಳ ವಿಷಯದಲ್ಲಿ ಇನ್ನೂ ಹುಷಾರಾಗಿರಬೇಕು. ಕೆಲವು ವಾರದಿಂದ ಮಗು ತೂಕ ಇಳಿದಿದೆ, ರಾತ್ರಿ ಎದ್ದೆದ್ದು ನೀರು ಕುಡಿಯುತ್ತದೆ, ಹಾಸಿಗೆ ಒದ್ದೆ ಮಾಡುವುದು ಬಿಟ್ಟಿದ್ದ ಮಗು ಮತ್ತೆ ಶುರು ಮಾಡಿದೆ. ಇಂಥ ಮಗುವಿಗೆ ವಾಂತಿ ಶುರುವಾದರೆ ಮೊದಲು ಬೆರಳಿಗೆ ಚುಚ್ಚಿ ಶುಗರ್ ನೋಡಬೇಕು. ಒಂದೇ ಹನಿ ರಕ್ತ, ಒಂದೇ ನಿಮಿಷದ ಕೆಲಸ. "ಇಷ್ಟು ಸಣ್ಣ ಮಗುವಿಗೆ ಶುಗರ್ ಎಲ್ಲಿಂದ ಬರಬೇಕು?" ಅಂತ ಯಾರಾದರೂ ನಕ್ಕರೆ ನಗಲಿ, ನೀವು ಕೇಳಿ ಟೆಸ್ಟ್ ಮಾಡಿಸಿ. ಟೈಪ್ 1 ಶುಗರ್, ಅಂದರೆ ಮೈಯಲ್ಲಿ ಇನ್ಸುಲಿನ್ ತಯಾರಾಗುವುದೇ ನಿಂತುಹೋಗುವ ಬಗೆ, ಸಣ್ಣ ಮಕ್ಕಳಿಗೂ ಬರುತ್ತದೆ. ಅಪ್ಪ-ಅಮ್ಮನಿಗೆ ಇರಲೇಬೇಕು ಅಂತಿಲ್ಲ. ಸಿಹಿ ತಿಂದು ಬರುವಂಥದ್ದಂತೂ ಅಲ್ಲ. "ಅಜ್ಜ ದಿನಾ ಪೇಡೆ ತಿನಿಸಿದ್ದಕ್ಕೇ ಬಂತು" ಅಂತ ಮನೆಯಲ್ಲಿ ಜಗಳ ಆಡುವುದು ಬೇಡ.

ನನ್ನದು ಟೈಪ್ 2. ಬರೀ ಮಾತ್ರೆ ಮೇಲಿದ್ದೇನೆ. ನನಗೆ ಬರಲ್ಲ ಅಲ್ವಾ?

ಟೈಪ್ 2 ಅಂದರೆ ಮೈಯಲ್ಲಿ ಇನ್ಸುಲಿನ್ ಇದ್ದರೂ ಅದು ಸರಿಯಾಗಿ ಕೆಲಸ ಮಾಡದ ಬಗೆ. ಟೈಪ್ 1ಕ್ಕೆ ಹೋಲಿಸಿದರೆ ಇದರಲ್ಲಿ ಡಿಕೆಎ ಕಡಿಮೆ. ಬರುವುದೇ ಇಲ್ಲ ಅಂತಲ್ಲ. ದೊಡ್ಡ ಇನ್ಫೆಕ್ಷನ್, ಆಪರೇಷನ್, ಹಾರ್ಟ್ ಅಟ್ಯಾಕ್ ಆದಾಗ ಟೈಪ್ 2 ಇರುವವರಿಗೂ ಬರುತ್ತದೆ.

ಮಾತ್ರೆಗಳಲ್ಲಿ ಒಂದು ಗುಂಪನ್ನು ನೀವು ಗುರುತು ಹಿಡಿಯಬೇಕು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್, ಕೆನಾಗ್ಲಿಫ್ಲೋಜಿನ್, ರೆಮೋಗ್ಲಿಫ್ಲೋಜಿನ್. ಬ್ರ್ಯಾಂಡ್ ಹೆಸರು ಏನೇ ಇರಲಿ, ಮಾತ್ರೆಯ ಹಾಳೆಯ ಹಿಂದೆ ಸಣ್ಣ ಅಕ್ಷರದಲ್ಲಿ "ಗ್ಲಿಫ್ಲೋಜಿನ್" ಅಂತ ಮುಗಿಯುವ ಹೆಸರಿದೆಯಾ ನೋಡಿ. ಎಷ್ಟೋ ಸಲ ಮೆಟ್‌ಫಾರ್ಮಿನ್ ಜೊತೆ ಒಂದೇ ಮಾತ್ರೆಯಲ್ಲಿ ಸೇರಿಸಿರುತ್ತಾರೆ. ಓದಲು ಆಗದಿದ್ದರೆ ಔಷಧಿ ಅಂಗಡಿಯವರನ್ನೇ ಕೇಳಿ.

ಇವು ಒಳ್ಳೆಯ ಮಾತ್ರೆಗಳು. ಹೃದಯಕ್ಕೂ ಕಿಡ್ನಿಗೂ ಅನುಕೂಲ ಇದೆ. ಹೆದರಿ ಇವತ್ತೇ ಬಿಡಬೇಡಿ. ಆದರೆ ಇವು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತವೆ. ಇದರಿಂದ ಕೀಟೋನ್ ಏರುತ್ತಿದ್ದರೂ ಮೀಟರಿನಲ್ಲಿ ಶುಗರ್ ಹೆಚ್ಚು ಕಾಣದೇ ಹೋಗಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2015ರಲ್ಲೇ ಈ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. ಹಾಗಾಗಿ ವಾಂತಿ-ಭೇದಿ, ಜೋರು ಜ್ವರ, ಊಟ ಬಿಟ್ಟ ದಿನಗಳಲ್ಲಿ ಈ ಮಾತ್ರೆಯನ್ನು ನಿಲ್ಲಿಸಿ ಡಾಕ್ಟರಿಗೆ ತಿಳಿಸಬೇಕು. ಮೊದಲೇ ಗೊತ್ತಾದ ಆಪರೇಷನ್ ಇದ್ದರೆ ಸಾಮಾನ್ಯವಾಗಿ 3 ದಿನ ಮುಂಚೆ ನಿಲ್ಲಿಸಲು ಹೇಳುತ್ತಾರೆ. ಹಲ್ಲಿನ, ಕಣ್ಣಿನ ಡಾಕ್ಟರ್ ಹತ್ತಿರ ಹೋದಾಗಲೂ ಈ ಮಾತ್ರೆ ತೆಗೆದುಕೊಳ್ಳುತ್ತೇನೆ ಅಂತ ನೀವಾಗಿಯೇ ಹೇಳಿ.

ವಿಚಿತ್ರ ನೋಡಿ: ಇನ್ಸುಲಿನ್ ನಿಲ್ಲಿಸಬಾರದು, ಈ ಮಾತ್ರೆ ನಿಲ್ಲಿಸಬೇಕು. ನಮ್ಮ ಜನ ಕಾಯಿಲೆ ಬಿದ್ದಾಗ ಮಾಡುವುದು ಇದರ ಉಲ್ಟಾ. ಸೂಜಿ ಬಿಡುತ್ತಾರೆ, ಮಾತ್ರೆ ತಪ್ಪಿಸುವುದಿಲ್ಲ.

ಮೀಟರಿನಲ್ಲಿ 190 ಇದೆ. ಹಾಗಾದ್ರೆ ಡಿಕೆಎ ಅಲ್ಲ ಅಂತ ಬಿಡಬಹುದಾ?

ಬಿಡಬಾರದು. ಹೆಚ್ಚಿನವರಿಗೆ ಡಿಕೆಎ ಆದಾಗ ಶುಗರ್ 250 ದಾಟಿಯೇ ಇರುತ್ತದೆ. ಹಲವು ಮೀಟರುಗಳು 600 ಮೀರಿದರೆ ಅಂಕಿ ಬಿಟ್ಟು "ಹೈ" ಅಂತ ತೋರಿಸುತ್ತವೆ. ಆದರೆ ಈಗ ಹೇಳಿದ ಮಾತ್ರೆ ತೆಗೆದುಕೊಳ್ಳುವವರು, ಗರ್ಭಿಣಿಯರು, ಕೆಲವು ದಿನದಿಂದ ಊಟ ಸೇರದವರಲ್ಲಿ ಶುಗರ್ 200ರ ಒಳಗಿದ್ದರೂ ಡಿಕೆಎ ಆಗಬಹುದು. ವಾಂತಿ, ಆಳವಾದ ಉಸಿರು, ಮಂಕು ಇದ್ದರೆ ಮೀಟರ್ ಏನೇ ಹೇಳಲಿ, ಕೀಟೋನ್ ನೋಡಲೇಬೇಕು.

ಕೀಟೋನ್ ಮನೆಯಲ್ಲೇ ನೋಡಬಹುದಾ?

ಎರಡು ದಾರಿ ಇವೆ. ಒಂದು, ಮೂತ್ರದ ಸ್ಟ್ರಿಪ್. ಅಗ್ಗ. ದೊಡ್ಡ ಔಷಧಿ ಅಂಗಡಿಯಲ್ಲಿ ಸಿಗುತ್ತದೆ, ಇಲ್ಲದಿದ್ದರೆ ತರಿಸಿಕೊಡುತ್ತಾರೆ. ಸ್ಟ್ರಿಪ್ಪನ್ನು ಮೂತ್ರದಲ್ಲಿ ಅದ್ದಿ, ಡಬ್ಬಿಯ ಮೇಲೆ ಬರೆದಷ್ಟು ಸೆಕೆಂಡ್ ಕಾದು, ಬಣ್ಣ ಹೋಲಿಸಿ ನೋಡಬೇಕು. ಬಣ್ಣ ನೇರಳೆಯ ಕಡೆ ಹೋದಷ್ಟೂ ಕೀಟೋನ್ ಜಾಸ್ತಿ. ಡಬ್ಬಿ ತೆಗೆದ ಮೇಲೆ ಸ್ಟ್ರಿಪ್‌ಗಳು ಬೇಗ ಕೆಡುತ್ತವೆ. ತೆಗೆದ ದಿನಾಂಕವನ್ನು ಪೆನ್ನಿನಿಂದ ಮುಚ್ಚಳದ ಮೇಲೆ ಬರೆದಿಡಿ.

ಈ ಸ್ಟ್ರಿಪ್ಪಿಗೆ ಒಂದು ಮಿತಿ ಇದೆ. ಡಿಕೆಎ ಆದಾಗ ರಕ್ತದಲ್ಲಿ ಮುಖ್ಯವಾಗಿ ಏರುವುದು ಬೀಟಾ ಹೈಡ್ರಾಕ್ಸಿಬ್ಯುಟಿರೇಟ್ ಅನ್ನುವ ಕೀಟೋನ್. ಸ್ಟ್ರಿಪ್ ಹಿಡಿಯುವುದು ಅಸಿಟೋಅಸಿಟೇಟ್ ಅನ್ನುವ ಇನ್ನೊಂದನ್ನು. ಸಾಲದ್ದಕ್ಕೆ, ಮೂತ್ರ ಕೆಲವು ಗಂಟೆ ಹಿಂದಿನ ಕಥೆ ಹೇಳುತ್ತದೆ.

ಎರಡನೆಯದು ರಕ್ತದ ಕೀಟೋನ್ ಮೀಟರ್. ಶುಗರ್ ಮೀಟರಿನಂತೆಯೇ ಬೆರಳಿನ ಹನಿ ಸಾಕು. ಸ್ಟ್ರಿಪ್ ದುಬಾರಿ, ಆದರೆ ಉತ್ತರ ಪಕ್ಕಾ. 0.6 ಮಿಲಿಮೋಲ್‌ಗಿಂತ ಕಡಿಮೆ ಇದ್ದರೆ ಸರಿ. 0.6ರಿಂದ 1.5 ಇದ್ದರೆ ಕಾದು ಮತ್ತೆ ನೋಡಿ. 1.5 ದಾಟಿದರೆ ಕೂಡಲೇ ಡಾಕ್ಟರನ್ನು ಕೇಳಿ. 3 ಮುಟ್ಟಿದರೆ ಫೋನ್ ಮಾಡುತ್ತಾ ಕೂರದೆ ದವಾಖಾನೆಗೆ ಹೊರಡಿ.

ಟೈಪ್ 1 ಮಗು ಇರುವ ಮನೆಯಲ್ಲಿ ಇವೆರಡರಲ್ಲಿ ಒಂದು ಇರಲೇಬೇಕು ಅನ್ನುವುದು ನನ್ನ ಅಭಿಪ್ರಾಯ. ಟೈಪ್ 2 ಇದ್ದು ಬರೀ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರು ಸುಮ್ನೆ ದುಡ್ಡು ಹಾಕುವುದು ಬೇಡ.

ಜ್ವರ, ವಾಂತಿ ಬಂದ ದಿನ ಮನೆಯಲ್ಲಿ ಏನು ಮಾಡಬೇಕು?

ಇನ್ಸುಲಿನ್ ಬಿಡಬೇಡಿ. ಇದು ಮತ್ತೊಮ್ಮೆ.

ಪ್ರತಿ 2ರಿಂದ 4 ಗಂಟೆಗೊಮ್ಮೆ ಶುಗರ್ ನೋಡಿ, ರಾತ್ರಿ ಕೂಡ. ಟೈಪ್ 1 ಇದ್ದರೆ ಕೀಟೋನ್ ಸಹ. ನೋಡಿದ್ದನ್ನು ಹೊತ್ತಿನ ಸಮೇತ ಒಂದು ಹಾಳೆಯ ಮೇಲೆ ಬರೆಯಿರಿ. ಕ್ಯಾಲೆಂಡರ್ ಹಿಂದೆ ಬರೆದರೂ ನಡೆಯುತ್ತದೆ. ಡಾಕ್ಟರಿಗೆ ಆ ಹಾಳೆ ನೂರು ಮಾತಿಗಿಂತ ಜಾಸ್ತಿ ಹೇಳುತ್ತದೆ.

ದೊಡ್ಡವರು ಗಂಟೆಗೆ ಅರ್ಧದಿಂದ ಒಂದು ಲೋಟದಷ್ಟಾದರೂ ಕುಡಿಯುತ್ತಿರಬೇಕು. ಒಂದೇ ಸಲ ಗಟಗಟ ಕುಡಿದರೆ ವಾಂತಿ ಆಗುತ್ತದೆ. ಗುಟುಕು ಗುಟುಕಾಗಿ ಕುಡಿಸಿ. ಶುಗರ್ ಜಾಸ್ತಿ ಇದ್ದರೆ ನೀರು, ಉಪ್ಪು ಹಾಕಿದ ನೀರು ಮಜ್ಜಿಗೆ, ಬೇಳೆ ಕಟ್ಟಿನ ತಿಳಿ ಸಾರು. ಶುಗರ್ ಇಳಿಯುತ್ತಿದ್ದು ಊಟ ಸೇರದಿದ್ದರೆ ಗಂಜಿ, ನುಚ್ಚಿನ ತಿಳಿ, ಹಣ್ಣಿನ ರಸ, ಬೇಕಾದರೆ ಸಕ್ಕರೆ ಹಾಕಿದ ಚಹಾ. "ಶುಗರ್ ಇದ್ದವರಿಗೆ ಸಕ್ಕರೆ ಚಹಾನಾ?" ಅಂತ ಗಾಬರಿ ಆಗಬೇಡಿ. ಲೋ ಆಗದ ಹಾಗೆ ಇನ್ಸುಲಿನ್ ಕೊಡಲು ಆ ಸಕ್ಕರೆ ಬೇಕು. ಹೃದಯ ಅಥವಾ ಕಿಡ್ನಿ ತೊಂದರೆಯಿಂದ ನೀರು ಅಳತೆ ಮಾಡಿ ಕುಡಿಯುವವರು ಮೊದಲು ಡಾಕ್ಟರನ್ನು ಕೇಳಿ.

ಹೊಲಕ್ಕೆ ಹೋಗುವುದು, ವಾಕಿಂಗ್, ವ್ಯಾಯಾಮ ಎಲ್ಲ ಬಂದ್. ಶುಗರ್ ಇಳಿಸಲು ಜೋರಾಗಿ ನಡೆಯುವ ರೂಢಿ ಕೆಲವರಿಗಿದೆ. ಕೀಟೋನ್ ಇರುವಾಗ ನಡೆದರೆ ಅದು ಇನ್ನೂ ಏರುತ್ತದೆ.

ಶುಗರ್ ಏರಿದಾಗ ಇನ್ಸುಲಿನ್ ಎಷ್ಟು ಜಾಸ್ತಿ ಮಾಡಬೇಕು? ಇದನ್ನು ನಾನು ಇಲ್ಲಿ ಬರೆಯುವುದಿಲ್ಲ. ತೂಕ, ವಯಸ್ಸು, ದಿನದ ಡೋಸ್ ಮೇಲೆ ಹೋಗುತ್ತದೆ. ಚೆನ್ನಾಗಿರುವಾಗಲೇ ನಿಮ್ಮ ಡಾಕ್ಟರ್ ಹತ್ತಿರ "ಕಾಯಿಲೆ ಬಿದ್ದ ದಿನ ಏನು ಮಾಡಬೇಕು" ಅಂತ ಬರೆಸಿಕೊಂಡು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ.

ಎಳನೀರು, ಓಆರ್‌ಎಸ್ ಕೊಡಬಹುದಾ?

ವಾಂತಿ-ಭೇದಿ ಇದ್ದರೆ ಓಆರ್‌ಎಸ್ ಕೊಡಬಹುದು. ಅದರಲ್ಲಿ ಗ್ಲೂಕೋಸ್ ಇದೆ, ಆದರೆ ಲೀಟರಿಗೆ 13.5 ಗ್ರಾಂ ಮಾತ್ರ. ಪಾಕೀಟಿನ ಮೇಲೆ ಬರೆದಷ್ಟೇ ನೀರಿನಲ್ಲಿ ಕಲಸಿ. ಎಳನೀರಿನಲ್ಲಿ ಸಕ್ಕರೆಯೂ ಪೊಟ್ಯಾಸಿಯಂ ಕೂಡ ಇದೆ. ಕಿಡ್ನಿ ತೊಂದರೆ ಇದ್ದವರಿಗೆ ಬೇಡ. ಮೀಟರಿನಲ್ಲಿ 400 ಇರುವಾಗ ಗ್ಲೂಕೋಸ್ ಪುಡಿ ಕಲಸಿ ಕುಡಿಸಬೇಡಿ. ಸುಸ್ತು ಅಂದ ಕೂಡಲೇ ಗ್ಲೂಕೋಸ್ ಡಬ್ಬಿಗೆ ಕೈ ಹಾಕುವುದು ನಮ್ಮಲ್ಲಿ ರೂಢಿ. ಮೊದಲು ಬೆರಳಿಗೆ ಚುಚ್ಚಿ ನೋಡಿ.

ರಕ್ತ ಆಸಿಡ್ ಆಗಿದೆ ಅಂದ್ರೆ ಸೋಡಾ ಕುಡಿಸಿದರೆ ಇಳಿಯಲ್ವಾ?

ಇಳಿಯುವುದಿಲ್ಲ. ಸೋಡಾ, ಈನೋ ಎಲ್ಲ ಹೊಟ್ಟೆಯ ಹುಳಿಗೆ. ರಕ್ತದಲ್ಲಿ ಆಸಿಡ್ ಹುಟ್ಟುತ್ತಿರುವುದು ಇನ್ಸುಲಿನ್ ಇಲ್ಲದ್ದಕ್ಕೆ. ಇನ್ಸುಲಿನ್ ಕೊಡುವ ತನಕ ಅದು ಹುಟ್ಟುತ್ತಲೇ ಇರುತ್ತದೆ. ದವಾಖಾನೆಯಲ್ಲಿ ಕೂಡ ಸೋಡಾ ಬೈಕಾರ್ಬೊನೇಟ್ ಇಂಜೆಕ್ಷನ್ ಎಲ್ಲರಿಗೂ ಕೊಡುವುದಿಲ್ಲ. ಆಸಿಡ್ ವಿಪರೀತ ಇದ್ದರೆ ಮಾತ್ರ ಆ ಯೋಚನೆ.

ಯಾವಾಗ ಹೊರಡಬೇಕು? ಯಾವ ದವಾಖಾನೆಗೆ?

ನೀರು ಕೂಡ ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ. ಉಸಿರು ಆಳವಾಗಿದೆ. ಮಾತು ತೊದಲುತ್ತಿದೆ, ಮಂಕಾಗಿದ್ದಾರೆ. ಕೀಟೋನ್ 3 ಇದೆ, ಅಥವಾ ಮೂತ್ರದ ಸ್ಟ್ರಿಪ್ಪಿನಲ್ಲಿ ಎರಡು ಪ್ಲಸ್ ಇದೆ. ಹೇಳಿದಷ್ಟು ಇನ್ಸುಲಿನ್ ಕೊಟ್ಟರೂ ಶುಗರ್ ಇಳಿಯುತ್ತಿಲ್ಲ. ಇವುಗಳಲ್ಲಿ ಒಂದಿದ್ದರೂ ಸಾಕು, ಹೊರಡಿ. ಬೆಳಗಾಗಲಿ ಅಂತ ಕಾಯಬೇಡಿ. ಗರ್ಭಿಣಿ ಅಥವಾ ಸಣ್ಣ ಮಗುವಾದರೆ ಇಷ್ಟು ಆಗುವವರೆಗೂ ಕಾಯಬಾರದು. ಎರಡು ಸಲ ವಾಂತಿಯಾದರೆ ಕರೆದುಕೊಂಡು ಹೋಗಿ.

ಡಿಕೆಎಗೆ ಗಂಟೆಗಂಟೆಗೂ ರಕ್ತ ನೋಡುವ, ಐಸಿಯು ಇರುವ ದವಾಖಾನೆ ಬೇಕು. ಹುಬ್ಬಳ್ಳಿ ವಿದ್ಯಾನಗರದ ಕೆಎಂಸಿಆರ್‌ಐ (ನಮ್ಮ ಬಾಯಲ್ಲಿ ಇನ್ನೂ ಕಿಮ್ಸ್), ಧಾರವಾಡದ ಸತ್ತೂರಿನ ಎಸ್‌ಡಿಎಂ, ಗದಗಿನ ಜಿಮ್ಸ್, ಹಾವೇರಿಯ ಮೆಡಿಕಲ್ ಕಾಲೇಜು ದವಾಖಾನೆ ಎಲ್ಲರಿಗೂ ಗೊತ್ತಿರುವವು. ಆದರೆ ನೀವು ಹಿರೇಕೆರೂರು ಕಡೆಯೋ ರೋಣ, ಮುಂಡರಗಿ ಕಡೆಯೋ ಇದ್ದರೆ "ಸೀದಾ ಹುಬ್ಬಳ್ಳಿಗೇ ಹೋಗೋಣ" ಅಂತ ಕಾರು ಹುಡುಕುತ್ತಾ ಹೊತ್ತು ಕಳೆಯಬೇಡಿ. ಗದಗಿನಿಂದ ಹುಬ್ಬಳ್ಳಿಗೇ ಐವತ್ತು ಕಿಲೋಮೀಟರಿಗಿಂತ ಜಾಸ್ತಿ ಇದೆ, ಹಾವೇರಿಯಿಂದ ಇನ್ನೂ ದೂರ. ಹತ್ತಿರದ ತಾಲೂಕು ದವಾಖಾನೆಯಲ್ಲಿ ಶುಗರ್ ನೋಡಿಸಿ, ಸಲೈನ್ ಹಚ್ಚಿಸಿಕೊಂಡು, ಅಲ್ಲಿಂದ ಆಂಬುಲೆನ್ಸಿನಲ್ಲೇ ಮುಂದೆ ಹೋಗುವುದು ಲೇಸು. ಸ್ವಂತ ಕಾರಿನ ಹಿಂದಿನ ಸೀಟಿನಲ್ಲಿ ಬಿ.ಪಿ. ಇಳಿದರೆ ಏನು ಮಾಡುತ್ತೀರಿ?

ಹೋದ ಕೂಡಲೇ ಮೊದಲ ವಾಕ್ಯ ಹೀಗಿರಲಿ: "ಇವರಿಗೆ ಶುಗರ್ ಇದೆ, ಇನ್ಸುಲಿನ್ ತಪ್ಪಿದೆ, ಕೀಟೋನ್ ನೋಡಿ." ಇನ್ಸುಲಿನ್ ತಪ್ಪಿಸಿದ್ದನ್ನು ಬೈತಾರೆ ಅಂತ ಮುಚ್ಚಿಡಬೇಡಿ. ಚುಚ್ಚುವ ಇನ್ಸುಲಿನ್, ಮಾತ್ರೆಗಳ ಹಾಳೆ, ನೀವು ಬರೆದ ಶುಗರ್ ಲೆಕ್ಕ, ಆಧಾರ್ ಮತ್ತು ರೇಷನ್ ಕಾರ್ಡ್ ಎಲ್ಲ ಒಂದೇ ಚೀಲದಲ್ಲಿ ಹಾಕಿಕೊಂಡು ಹೋಗಿ.

ಅಲ್ಲಿ ಏನು ಚಿಕಿತ್ಸೆ ಕೊಡುತ್ತಾರೆ?

ಮೂರು ಮುಖ್ಯ: ನೀರು, ಪೊಟ್ಯಾಸಿಯಂ, ಇನ್ಸುಲಿನ್.

ದೊಡ್ಡವರಿಗೆ ಮೊದಲ ಗಂಟೆಯಲ್ಲೇ ಅರ್ಧದಿಂದ ಒಂದು ಲೀಟರ್ ಸಲೈನ್ ಹೋಗುತ್ತದೆ. ಮಕ್ಕಳಿಗೆ ತೂಕ ನೋಡಿ, ಲೆಕ್ಕ ಹಾಕಿ ಕೊಡುತ್ತಾರೆ, ಯಾಕೆಂದರೆ ಅವರಲ್ಲಿ ಮೆದುಳು ಊದಿಕೊಳ್ಳುವ ಅಪಾಯ ಇದೆ. "ಸಲೈನ್ ಜೋರಾಗಿ ಬಿಡ್ರಿ" ಅಂತ ನರ್ಸಿಗೆ ಒತ್ತಾಯ ಮಾಡಬೇಡಿ. ಚಿಕಿತ್ಸೆ ನಡೆಯುವಾಗ ಮಗು ತಲೆನೋವು ಅಂದರೆ, ಮತ್ತೆ ಮಂಕಾದರೆ ತಕ್ಷಣ ಹೇಳಿ.

ಇನ್ಸುಲಿನ್ ಕೊಡುವ ಮೊದಲು ರಕ್ತದ ಪೊಟ್ಯಾಸಿಯಂ ನೋಡುತ್ತಾರೆ. ಇನ್ಸುಲಿನ್ ಪೊಟ್ಯಾಸಿಯಂ ಅನ್ನು ರಕ್ತದಿಂದ ಜೀವಕೋಶದ ಒಳಗೆ ತಳ್ಳುತ್ತದೆ. ಮೊದಲೇ ಕಡಿಮೆ ಇದ್ದರೆ ಹೃದಯದ ಬಡಿತ ತಪ್ಪಬಹುದು. ಹಾಗಾಗಿ "ಬಂದು ಅರ್ಧ ಗಂಟೆಯಾಯಿತು, ಇನ್ನೂ ಇನ್ಸುಲಿನ್ ಕೊಟ್ಟಿಲ್ಲ" ಅಂತ ರೇಗುವ ಮೊದಲು ಒಂದು ಮಾತು ಕೇಳಿ. ಅವರು ಆ ರಿಪೋರ್ಟಿಗೆ ಕಾಯುತ್ತಿರಬಹುದು. ಆಮೇಲೆ ಇನ್ಸುಲಿನ್ ನರಕ್ಕೆ ಪಂಪ್ ಮೂಲಕ ಸಣ್ಣ ಪ್ರಮಾಣದಲ್ಲಿ, ಸಾಮಾನ್ಯವಾಗಿ ಕಿಲೋ ತೂಕಕ್ಕೆ ಗಂಟೆಗೆ 0.1 ಯೂನಿಟ್ ಲೆಕ್ಕದಲ್ಲಿ ಹೋಗುತ್ತದೆ. ಜೊತೆಗೆ ಡಿಕೆಎಗೆ ಕಾರಣವಾದ ಇನ್ಫೆಕ್ಷನ್ ಹುಡುಕಿ ಅದಕ್ಕೂ ಔಷಧಿ ಕೊಡುತ್ತಾರೆ.

ಶುಗರ್ ಇರುವವರಿಗೇ ಗ್ಲೂಕೋಸ್ ಬಾಟಲಿ ಹಚ್ಚಿದ್ದಾರೆ. ತಪ್ಪಲ್ವಾ?

ವಾರ್ಡಿನಲ್ಲಿ ಜಗಳಕ್ಕೆ ಕಾರಣವಾಗುವ ಪ್ರಶ್ನೆ. ತಪ್ಪಲ್ಲ. ಇನ್ಸುಲಿನ್ ಕೊಟ್ಟ ಕೆಲವು ಗಂಟೆಯಲ್ಲಿ ಶುಗರ್ ಇಳಿಯುತ್ತದೆ. ಕೀಟೋನ್ ಇಳಿಯಲು ಇನ್ನೂ ಹೊತ್ತು ಬೇಕು. ಶುಗರ್ 250ಕ್ಕೆ ಬಂತು ಅಂತ ಇನ್ಸುಲಿನ್ ನಿಲ್ಲಿಸಿದರೆ ಕೀಟೋನ್ ಮತ್ತೆ ಏರುತ್ತದೆ. ಮುಂದುವರಿಸಿದರೆ ಲೋ ಆಗುತ್ತದೆ. ಅದಕ್ಕೇ ಸಲೈನಿಗೆ ಗ್ಲೂಕೋಸ್ ಸೇರಿಸಿ ಇನ್ಸುಲಿನ್ ಮುಂದುವರಿಸುತ್ತಾರೆ. "ಶುಗರ್ ನಾರ್ಮಲ್ ಬಂದೈತಿ, ಡಿಸ್ಚಾರ್ಜ್ ಮಾಡ್ರಿ" ಅಂತ ಸಹಿ ಹಾಕಿ ಕರೆದುಕೊಂಡು ಹೋದವರು ಮರುದಿನ ಮತ್ತೆ ಬರಬೇಕಾಗುವುದು ಇದೇ ಕಾರಣಕ್ಕೆ.

ದಿನಾ ಚುಚ್ಚಿಕೊಳ್ಳುತ್ತೇನೆ, ಆದರೂ ಶುಗರ್ ಇಳಿಯುತ್ತಿಲ್ಲ. ಯಾಕೆ?

ಬಾಟಲಿ, ಸಿರಿಂಜ್, ಚುಚ್ಚುವ ಜಾಗ, ಮೂರನ್ನೂ ನೋಡಬೇಕು.

ಇನ್ಸುಲಿನ್ ಬಿಸಿಲಿಗೆ ಕೆಡುತ್ತದೆ. ಹೆಪ್ಪುಗಟ್ಟಿದರೂ ಕೆಡುತ್ತದೆ. ತೆಗೆಯದ ಬಾಟಲಿಗೆ 2ರಿಂದ 8 ಡಿಗ್ರಿ ಬೇಕು. ಫ್ರಿಜ್ಜಿನ ಬಾಗಿಲಿನ ಖಾನೆ ಸಾಕು, ಐಸ್ ಡಬ್ಬಿಯ ಪಕ್ಕ ಬೇಡ. ಬಳಸುತ್ತಿರುವ ಬಾಟಲಿಯನ್ನು ಮನೆಯ ತಂಪು ಜಾಗದಲ್ಲಿ ಸುಮಾರು 4 ವಾರ ಇಡಬಹುದು. ಏಪ್ರಿಲ್‌ನಲ್ಲಿ ಗದಗಿನ ತಗಡಿನ ಮನೆಯೊಳಗೆ ತಂಪು ಜಾಗ ಎಲ್ಲಿಂದ ತರಬೇಕು ಅಂತ ಕೇಳುತ್ತೀರಿ. ಹೊಸ ಮಣ್ಣಿನ ಗಡಿಗೆಯಲ್ಲಿ ನೀರು ಹಾಕಿ, ಅದರೊಳಗೆ ಮುಚ್ಚಳ ಬಿಗಿಯಾದ ಸಣ್ಣ ಡಬ್ಬಿಯಲ್ಲಿ ಬಾಟಲಿ ಇಟ್ಟು ನೆರಳಲ್ಲಿಡಿ. ಬಸ್ಸಿನಲ್ಲಿ ಹೋಗುವಾಗ ಕೈಚೀಲದಲ್ಲಿರಲಿ. ಎಂಜಿನ್ ಪಕ್ಕ, ಬೈಕಿನ ಡಿಕ್ಕಿ, ನಿಲ್ಲಿಸಿದ ಕಾರು ಯಾವುದೂ ಬೇಡ.

ಸಿರಿಂಜಿನದು ಇನ್ನೂ ದೊಡ್ಡ ಗೊಂದಲ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಬಾಟಲಿಯಲ್ಲಿ ಒಂದು ಎಂ.ಎಲ್.ಗೆ 40 ಯೂನಿಟ್ ಇರುತ್ತದೆ. ಅದಕ್ಕೆ ಕೆಂಪು ಮುಚ್ಚಳದ, 40 ಅಂತ ಬರೆದ ಸಿರಿಂಜ್. ಪೆನ್ನಿನ (ಪೆನ್ ಆಕಾರದ ಚುಚ್ಚುವ ಸಾಧನದ) ಇನ್ಸುಲಿನ್ ಒಂದು ಎಂ.ಎಲ್.ಗೆ 100 ಯೂನಿಟ್. 100ರ ಸಿರಿಂಜಿನ ಮುಚ್ಚಳ ಕಿತ್ತಳೆ ಬಣ್ಣ. 40ರ ಬಾಟಲಿಯಿಂದ 100ರ ಸಿರಿಂಜಿನಲ್ಲಿ 10ನೇ ಗೆರೆವರೆಗೆ ಎಳೆದರೆ ಮೈಗೆ ಹೋಗುವುದು 4 ಯೂನಿಟ್ ಮಾತ್ರ. ದಿನಾ ಚುಚ್ಚಿಕೊಂಡೂ ಅರ್ಧಕ್ಕಿಂತ ಕಡಿಮೆ! ಉಲ್ಟಾ ಮಾಡಿದರೆ 10ರ ಬದಲು 25 ಹೋಗಿ ಲೋ ಆಗಿ ಬೀಳುತ್ತಾರೆ. ಬಾಟಲಿ ಮೇಲಿನ ಅಂಕಿ, ಸಿರಿಂಜ್ ಮೇಲಿನ ಅಂಕಿ ಒಂದೇ ಇದೆಯಾ ಅಂತ ಪ್ರತಿ ಸಲ ತಂದಾಗಲೂ ನೋಡಿ.

ಒಂದೇ ಜಾಗದಲ್ಲಿ ಚುಚ್ಚುತ್ತಿದ್ದರೆ ಅಲ್ಲಿ ಗಂಟು ಕಟ್ಟುತ್ತದೆ. ನೋವಾಗುವುದಿಲ್ಲ ಅಂತ ಅಲ್ಲೇ ಚುಚ್ಚುವವರು ಬಹಳ. ಆ ಗಂಟಿನಿಂದ ಇನ್ಸುಲಿನ್ ಸರಿಯಾಗಿ ಮೈಗೆ ಸೇರುವುದಿಲ್ಲ. ಹೊಟ್ಟೆ, ತೊಡೆ ಅಂತ ಜಾಗ ಬದಲಿಸಿ.

ಏಕಾದಶಿ, ಶಿವರಾತ್ರಿ, ರೋಜಾ ಉಪವಾಸ ಮಾಡಬಹುದಾ?

ಟೈಪ್ 1 ಇರುವವರಿಗೆ, ಕಳೆದ ಮೂರು ತಿಂಗಳಲ್ಲಿ ಡಿಕೆಎ ಆದವರಿಗೆ ಉಪವಾಸ ಬೇಡ ಅಂತಲೇ ಡಾಕ್ಟರುಗಳು ಹೇಳುವುದು. ಟೈಪ್ 2 ಇರುವವರು ಕೆಲವು ವಾರ ಮುಂಚೆ ಕೇಳಿ ಡೋಸ್ ಬದಲಿಸಿಕೊಳ್ಳಬೇಕು. ಶಿವರಾತ್ರಿಗೆ ಸಿದ್ಧಾರೂಢ ಮಠದ ಜಾತ್ರೆಗೆ ಹೋಗಿ, ಉಪವಾಸ, ಜಾಗರಣೆ, ಬಿಸಿಲಿನ ಓಡಾಟ ಎಲ್ಲ ಸೇರಿ ನೀರೂ ಕುಡಿಯದೆ ಇನ್ಸುಲಿನ್ನೂ ಬಿಟ್ಟರೆ ಕಷ್ಟ. ಕಾಯಿಲೆಯವರಿಗೆ ಎಲ್ಲ ಧರ್ಮದಲ್ಲೂ ವಿನಾಯಿತಿ ಇದೆ.

ಕಷಾಯ, ನಾಟಿ ಔಷಧಿ ಕೊಡುವವರು ಇನ್ಸುಲಿನ್ ಬಿಡಿ ಅಂತಾರೆ?

ಟೈಪ್ 1 ಇರುವವರು ಇನ್ಸುಲಿನ್ ಬಿಟ್ಟರೆ ಬದುಕುವುದಿಲ್ಲ. ನಯವಾಗಿ ಹೇಳುವ ವಿಷಯ ಇದಲ್ಲ. 1922ರ ಜನವರಿಯಲ್ಲಿ ಕೆನಡಾದ ಟೊರೊಂಟೊದಲ್ಲಿ ಲಿಯೊನಾರ್ಡ್ ಥಾಮ್ಸನ್ ಅನ್ನುವ 14 ವರ್ಷದ ಹುಡುಗನಿಗೆ ಮೊದಲ ಸಲ ಇನ್ಸುಲಿನ್ ಕೊಟ್ಟರು. ಅದಕ್ಕೂ ಮುಂಚೆ ಈ ಕಾಯಿಲೆಯ ಮಕ್ಕಳು ಪ್ರಪಂಚದ ಯಾವ ಮೂಲೆಯಲ್ಲಿದ್ದರೂ, ಯಾವ ಬೇರು ತಿಂದರೂ ಹೆಚ್ಚು ದಿನ ಉಳಿಯುತ್ತಿರಲಿಲ್ಲ. ಹಾಗಲಕಾಯಿ, ಮೆಂತ್ಯ ತಿನ್ನಬೇಕಿದ್ದರೆ ಊಟದ ಜೊತೆ ತಿನ್ನಿ. ಇನ್ಸುಲಿನ್ ಜಾಗಕ್ಕೆ ಅವು ಬರುವುದಿಲ್ಲ.

ಕೀಟೋ ಡಯಟ್ ಮಾಡಿದರೂ ಡಿಕೆಎ ಬರುತ್ತಾ?

ಇನ್ಸುಲಿನ್ ಸರಿಯಾಗಿ ಇರುವವರಲ್ಲಿ ಕೀಟೋನ್ ಸ್ವಲ್ಪ ಏರಿ ಅಲ್ಲೇ ನಿಲ್ಲುತ್ತದೆ. ಟೈಪ್ 1 ಇರುವವರು, "ಗ್ಲಿಫ್ಲೋಜಿನ್" ಮಾತ್ರೆಯವರು ರೊಟ್ಟಿ-ಅನ್ನ ಪೂರ್ತಿ ಬಿಡುವ ಡಯಟ್ ಮಾಡಬಾರದು.

ಒಮ್ಮೆ ಆಗಿ ಗುಣವಾಯಿತು. ಮನೆಗೆ ಬರುವ ಮೊದಲು ಏನು ಕೇಳಿಕೊಳ್ಳಬೇಕು?

ಯಾಕೆ ಆಯಿತು ಅನ್ನುವುದಕ್ಕೆ ಉತ್ತರ ಸಿಗದೆ ಬರಬೇಡಿ. ಇನ್ಸುಲಿನ್ ತಪ್ಪಿದ್ದಕ್ಕಾ, ಇನ್ಫೆಕ್ಷನ್ನಿಗಾ, ಮಾತ್ರೆಗಾ? ಮಾತ್ರೆಯಿಂದ ಆಗಿದ್ದರೆ ಅದರ ಹೆಸರನ್ನು ಡಿಸ್ಚಾರ್ಜ್ ಚೀಟಿಯಲ್ಲಿ ಬರೆಸಿ, ಇಲ್ಲದಿದ್ದರೆ ಮುಂದಿನ ಡಾಕ್ಟರ್ ಅದನ್ನೇ ಮತ್ತೆ ಬರೆದುಕೊಡಬಹುದು. ದುಡ್ಡಿಲ್ಲದೆ ಇನ್ಸುಲಿನ್ ತಪ್ಪಿದ್ದರೆ ನಾಚಿಕೆ ಪಡದೆ ಹೇಳಿ. ಸರ್ಕಾರಿ ದವಾಖಾನೆಯಿಂದ ಪಡೆಯುವುದು, ಪೆನ್ನಿನ ಬದಲು ಬಾಟಲಿಗೆ ಬದಲಿಸುವುದು, ಜನೌಷಧಿ ಅಂಗಡಿ, ಹೀಗೆ ದಾರಿ ಹುಡುಕಬಹುದು. ವಯಸ್ಸಿಗೆ ಬಂದ ಮಕ್ಕಳು ಕಾಲೇಜಿನಲ್ಲಿ ಗೆಳೆಯರೆದುರು ಚುಚ್ಚಿಕೊಳ್ಳಲು ಮುಜುಗರಪಟ್ಟು ಮಧ್ಯಾಹ್ನದ ಡೋಸ್ ಬಿಡುವುದುಂಟು. ಅವರನ್ನು ಬೈಯುವ ಬದಲು ಡೋಸಿನ ಹೊತ್ತು ಬದಲಿಸಲು ಆಗುತ್ತದಾ ಅಂತ ಡಾಕ್ಟರನ್ನು ಕೇಳಿ.

ಮದುವೆ ವಯಸ್ಸಿನ ಹೆಣ್ಣುಮಕ್ಕಳದ್ದು ಇನ್ನೊಂದು ಕಥೆ. ಗಂಡಿನ ಮನೆಯವರಿಗೆ ಗೊತ್ತಾಗಬಾರದು ಅಂತ ತವರಿನವರೇ ಬಾಟಲಿ ಬಚ್ಚಿಟ್ಟು ಕಳಿಸುತ್ತಾರೆ. ಹೊಸ ಮನೆಯಲ್ಲಿ ಕದ್ದು ಚುಚ್ಚಿಕೊಳ್ಳಲು ಆಗದೆ ಒಂದೆರಡು ದಿನ ತಪ್ಪಿದರೆ ಆ ಹುಡುಗಿ ಐಸಿಯುಗೆ ಬರುತ್ತಾಳೆ, ಆಗ ಎಲ್ಲರಿಗೂ ಗೊತ್ತಾಗುತ್ತದೆ. ಮೊದಲೇ ಹೇಳಿ. ಹೇಳಿದ್ದಕ್ಕೆ ಬೇಡ ಅಂದ ಮನೆ ಹೇಗೂ ಇನ್ಸುಲಿನ್ ಚುಚ್ಚಿಕೊಳ್ಳಲು ಬಿಡುತ್ತಿರಲಿಲ್ಲ.